ಒಂದು ಎಲೆಯಿಂದ ನಾಲ್ಕೂವರೆ ಲಕ್ಷ ಅಕ್ಷರ

ಕೊಂಢವಾದ ಹೂವಿನಂಗಡಿಗಳಲ್ಲಿ ಆರ್ಕಿಡ್ ಈಗ ಅಪರೂಪದ ಸರಕಲ್ಲ. ಮದುವೆ ಮಂಟಪಕ್ಕೆ, ಹುಟ್ಟುಹಬ್ಬದ ಹೂಗುಚ್ಛಕ್ಕೆ ಬೇಕಾಗುವ ನೇರಳೆ ಡೆಂಡ್ರೋಬಿಯಂ ಕಡ್ಡಿಗಳು ಗುಲಾಬಿಯ ಪಕ್ಕದಲ್ಲೇ ಬಕೆಟ್ಟಿನಲ್ಲಿ ನಿಂತಿರುತ್ತವೆ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಪುಣೆಯ ಈ ಬಡಾವಣೆಯಲ್ಲಿ ಮನೆ ಮಾಡಿದ ಕನ್ನಡಿಗರ ಬಾಲ್ಕನಿಯಲ್ಲಿ ತುಳಸಿಯ ಜೊತೆಗೆ ಒಂದು ಆರ್ಕಿಡ್ ಕುಂಡ ಕಂಡರೆ ಅಚ್ಚರಿಪಡಬೇಕಿಲ್ಲ. ಇವು ಪ್ರಯೋಗಾಲಯದ ಬಾಟಲಿಗಳಲ್ಲಿ ಸಾವಿರಗಟ್ಟಲೆ ಬೆಳೆಸಿದ ಮಿಶ್ರತಳಿಗಳು. ಇವು ಅಳಿದುಹೋಗುತ್ತವೆ ಎಂಬ ಭಯವಿಲ್ಲ. ಭಯವಿರುವುದು ಇವುಗಳ ಕಾಡಿನ ನೆಂಟರ ಬಗ್ಗೆ.

ಆ ನೆಂಟರ ಲೆಕ್ಕ ಇಡುವ ಕಚೇರಿಯೊಂದು ಇದೇ ಊರಿನಲ್ಲಿದೆ. ಕೊಂಢವಾದಿಂದ ಲುಲ್ಲಾನಗರ, ಕ್ಯಾಂಪ್ ದಾಟಿ ಎಂಟು-ಹತ್ತು ಕಿಲೋಮೀಟರ್ ಉತ್ತರಕ್ಕೆ ಹೋದರೆ ಕೋರೆಗಾಂವ್ ರಸ್ತೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ ಸಿಗುತ್ತದೆ. 1955ರಲ್ಲಿ ಶುರುವಾದ ಈ ಕೇಂದ್ರದ ವ್ಯಾಪ್ತಿಗೆ ಮಹಾರಾಷ್ಟ್ರ, ಗೋವಾಗಳ ಜೊತೆಗೆ ಕರ್ನಾಟಕವೂ ಸೇರಿದೆ. ಇಲ್ಲಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಗಳ ಭಂಡಾರದಲ್ಲಿ, ಲಕ್ಷಕ್ಕೂ ಮೀರಿದ ಹಾಳೆಗಳಿವೆ. ಕನ್ನಡ ನಾಡಿನ ಗಿಡಗಳಿಗೂ ಪುಣೆಗೂ ನಂಟು ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1901ರಿಂದ 1908ರ ನಡುವೆ, ಆ ಪ್ರಾಂತ್ಯದ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಥಿಯೊಡೋರ್ ಕುಕ್, ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು.

ಸರ್ವೇಕ್ಷಣೆ 2019ರಲ್ಲಿ ಹೊರತಂದ ಸಚಿತ್ರ ಕೈಪಿಡಿಯ ಪ್ರಕಾರ ಭಾರತದಲ್ಲಿ 1,256 ಜಾತಿಯ ಆರ್ಕಿಡ್‌ಗಳಿವೆ. ಅವುಗಳಲ್ಲಿ 388 ಜಾತಿಗಳು ಈ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲ. ಮಲೆನಾಡಿನವರು ಸೀತಾಳೆದಂಡೆ ಎಂದು ಕರೆಯುವ, ಮುಂಗಾರಿನ ಹೊಸ್ತಿಲಲ್ಲಿ ಮರದಿಂದ ಜಡೆಯಂತೆ ಇಳಿಬೀಳುವ ಹೂವಿನಿಂದ ಹಿಡಿದು, ಪಂಚಗಣಿಯ ಹೆಸರನ್ನೇ ಹೊತ್ತ ನೆಲದ ಹ್ಯಾಬನೇರಿಯದವರೆಗೆ ಸಹ್ಯಾದ್ರಿಯ ಪಾಲೂ ಇದರಲ್ಲಿದೆ. ಹೂವಿನ ರೂಪ, ಎಲೆ, ಗಡ್ಡೆ ನೋಡಿ ಇವನ್ನು ಗುರುತಿಸುವ ವಿದ್ಯೆ ಹಳೆಯದು, ಈಗಲೂ ಅದೇ ಅಡಿಪಾಯ. ಅದರ ಪಕ್ಕದಲ್ಲಿ ಇತ್ತೀಚೆಗೆ ಇನ್ನೊಂದು ಕಸುಬು ಬೆಳೆದಿದೆ. ಎಲೆಯ ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಅಕ್ಷರ ಬಿಡದೆ ಓದುವ ಕಸುಬು ಅದು.

ಎಲೆಯ ಒಂದೊಂದು ಜೀವಕೋಶದಲ್ಲೂ ಮೂರು ಬೇರೆ ಬೇರೆ ಗ್ರಂಥಗಳಿವೆ ಎನ್ನಬಹುದು. ದೊಡ್ಡದು ಕೋಶಕೇಂದ್ರದಲ್ಲಿದೆ. ಎರಡನೆಯದು ಬಿಸಿಲನ್ನು ಆಹಾರ ಮಾಡುವ ಹರಿತ್ಕಣದಲ್ಲಿ. ಮೂರನೆಯದು, ಆ ಆಹಾರದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯದಲ್ಲಿ. ಮನುಷ್ಯನ ಮೈಟೊಕಾಂಡ್ರಿಯದ ಪಠ್ಯ ಪುಟ್ಟದು, ಅಚ್ಚುಕಟ್ಟಾದದ್ದು. ಒಂದೇ ವೃತ್ತ, 16,569 ಅಕ್ಷರ. ಕೇಂಬ್ರಿಜ್‌ನ ತಂಡ ಅದನ್ನು 1981ರಲ್ಲೇ ಪೂರ್ತಿ ಓದಿ ಮುಗಿಸಿತು. ಗಿಡಗಳ ವಿಷಯದಲ್ಲಿ ಈ ಅಚ್ಚುಕಟ್ಟುತನ ಇಲ್ಲವೇ ಇಲ್ಲ. ಗಿಡಗಳ ಮೈಟೊಕಾಂಡ್ರಿಯ ಪಠ್ಯ ಹಿಗ್ಗುತ್ತದೆ, ತುಂಡಾಗುತ್ತದೆ, ಪಕ್ಕದ ಹರಿತ್ಕಣದಿಂದ ಸಾಲುಗಟ್ಟಲೆ ಎತ್ತಿಕೊಳ್ಳುತ್ತದೆ. ಹರಿತ್ಕಣದ ಪಠ್ಯವನ್ನು ಓದಿ ಮುಗಿಸಿದ ಎಷ್ಟೋ ಪ್ರಯೋಗಾಲಯಗಳು ಮೈಟೊಕಾಂಡ್ರಿಯದ ಬಾಗಿಲಲ್ಲಿ ನಿಂತುಬಿಡುವುದು ಇದೇ ಕಾರಣಕ್ಕೆ.

ಕೆಲಸ ಶುರುವಾಗುವುದು ಒಂದು ಎಲೆಯಿಂದ. ಅಳಿವಿನಂಚಿನ ಗಿಡದಿಂದ ಎಲೆ ಕೀಳುವುದು ಮನಸ್ಸಿಗೂ ಕಾನೂನಿಗೂ ಸಲೀಸಲ್ಲ. ಆರ್ಕಿಡ್ ಕುಟುಂಬವಿಡೀ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದಡಿ ಬರುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆರಳುಗುರಿನಷ್ಟು ತುಂಡು ತೆಗೆದು, ಸಿಲಿಕಾ ಜೆಲ್ ಹರಳುಗಳ ನಡುವೆ ಒಣಗಿಸುತ್ತಾರೆ. ಇಲ್ಲವೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಹರ್ಬೇರಿಯಂನ ಹಳೆಯ ಹಾಳೆಯಿಂದಲೂ ಡಿಎನ್‌ಎ ತೆಗೆಯಬಹುದು, ಆದರೆ ಅದು ಕಾಲದ ಏಟಿಗೆ ಚೂರುಚೂರಾಗಿರುತ್ತದೆ. ತಾಜಾ ಎಲೆಯದೂ ಒಂದು ಕಾಟ ಇದೆ. ಆರ್ಕಿಡ್ ಎಲೆಯಲ್ಲಿ ಲೋಳೆ ಹೆಚ್ಚು. ಅರೆದರೆ ಲೋಳೆಸರದ ಹಾಗೆ ಜಿಗುಟಾಗುತ್ತದೆ, ಡಿಎನ್‌ಎ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಟಿಎಬಿ ಎಂಬ ಮಾರ್ಜಕದಂಥ ರಾಸಾಯನಿಕ ಹಾಕಿ, ಬಿಸಿ ಮಾಡಿ, ಕ್ಲೋರೋಫಾರ್ಮ್‌ನಲ್ಲಿ ಮತ್ತೆ ಮತ್ತೆ ತೊಳೆದು, ಕೊನೆಗೆ ಆಲ್ಕೋಹಾಲ್ ಸುರಿದಾಗ ಬಿಳಿಯ ಎಳೆಯಂತೆ ಡಿಎನ್‌ಎ ಮೇಲೇಳುತ್ತದೆ. ಕೈ ಪಳಗಿದವರಿಗೂ ಮೊದಲ ಸಲಕ್ಕೇ ಒಲಿಯುವ ಹಂತವಲ್ಲ ಇದು.

ಓದುವ ಯಂತ್ರಗಳಲ್ಲಿ ಎರಡು ಬಗೆ. ಒಂದು ಬಗೆಯದು ನೂರೈವತ್ತು ಅಕ್ಷರಗಳ ಚಿಕ್ಕ ತುಣುಕುಗಳನ್ನು ಕೋಟಿಗಟ್ಟಲೆ, ಬಹುತೇಕ ತಪ್ಪಿಲ್ಲದೆ ಓದುತ್ತದೆ. ಇನ್ನೊಂದು ಬಗೆಯದು ಸಾವಿರಾರು ಅಕ್ಷರಗಳ ಉದ್ದ ಎಳೆಯನ್ನು ಒಂದೇ ಉಸಿರಿನಲ್ಲಿ ಓದುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ನ್ಯಾನೊಪೋರ್ ಯಂತ್ರ ಈ ಎರಡನೆಯ ಬಗೆಯದು. ಅದರೊಳಗಿನ ಅತಿ ಸೂಕ್ಷ್ಮ ರಂಧ್ರದಲ್ಲಿ ಎಳೆ ನುಸುಳುವಾಗ ವಿದ್ಯುತ್ತಿನಲ್ಲಾಗುವ ಏರಿಳಿತವೇ ಅಕ್ಷರವಾಗಿ ಹೊರಬರುತ್ತದೆ.

ಆಮೇಲಿನದು ಜೋಡಿಸುವ ಕೆಲಸ. ಅದರ ಸ್ವಭಾವ ಅರಿಯಲು ಪುಣೆಯ ಇನ್ನೊಂದು ಸಂಸ್ಥೆಯತ್ತ ನೋಡಬೇಕು. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು 1919ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಗೆ ಕೈಹಾಕಿದರು. ದೇಶದ ಮೂಲೆಮೂಲೆಯ 1,259 ಹಸ್ತಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸಿ, ಪಾಠಾಂತರ ಗುರುತಿಸಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸಿ, 1966ರಲ್ಲಿ ಮುಗಿಸಿದರು. ಡಿಎನ್‌ಎ ಪಠ್ಯ ಜೋಡಿಸುವವರ ಮುಂದಿರುವುದೂ ಅಂಥದೇ ರಾಶಿ. ಮೂರೂ ಗ್ರಂಥಗಳ ಹರಿದ ಚೂರುಗಳು ಒಂದರಲ್ಲೊಂದು ಬೆರೆತಿರುತ್ತವೆ. ಎಲೆಯಲ್ಲಿ ಹರಿತ್ಕಣದ ಪ್ರತಿಗಳು ಅತಿ ಹೆಚ್ಚು, ಮೈಟೊಕಾಂಡ್ರಿಯದವು ಅದಕ್ಕಿಂತ ಕಡಿಮೆ, ಕೋಶಕೇಂದ್ರದವು ಇನ್ನೂ ಕಡಿಮೆ. ಯಾವ ಸಾಲು ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಿ ಕಂಪ್ಯೂಟರ್ ಮೊದಲು ವಿಂಗಡಿಸುತ್ತದೆ. ಹರಿತ್ಕಣದಿಂದ ಮೈಟೊಕಾಂಡ್ರಿಯಕ್ಕೆ ಎಂದೋ ನುಸುಳಿ ಬಂದ ಸಾಲುಗಳು ಇಲ್ಲಿನ ಪ್ರಕ್ಷಿಪ್ತಗಳು. ಒಂದೇ ಸಾಲು ಹಲವು ಕಡೆ ಬಂದಲ್ಲಿ ಎಳೆಗಳು ಅಡ್ಡಬದಲಾಗಿ ಕೂಡಿಕೊಳ್ಳುವುದರಿಂದ, ಒಂದೇ ಎಲೆಯೊಳಗೆ ಒಂದೇ ಪಠ್ಯದ ಹಲವು ಜೋಡಣೆಗಳೂ ಇರುತ್ತವೆ. ಉದ್ದ ಎಳೆಗಳನ್ನು ಓದುವ ಯಂತ್ರ ಬರುವವರೆಗೆ ಈ ಗಂಟು ಬಿಡಿಸುವುದು ಬಹಳ ಕಷ್ಟವಾಗಿತ್ತು.

ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಮಿನ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಪ್ಯಾಫಿಯೊಪೆಡಿಲಮ್ ಮೈಕ್ರ್ಯಾಂಥಮ್ ಎಂಬ ಗುಲಾಬಿ ಬಣ್ಣದ ಆರ್ಕಿಡ್ ಬೆಳೆಯುತ್ತದೆ. ಹೂವಿನ ಒಂದು ಎಸಳು ಪಾದರಕ್ಷೆಯ ಮುಂಗಾಲಿನಂತೆ ಉಬ್ಬಿರುತ್ತದೆ. ಆಸೆಪಟ್ಟು ಕಿತ್ತೊಯ್ಯುವವರಿಂದಾಗಿ ಅದು ಅಳಿವಿನಂಚಿನ ಪಟ್ಟಿ ಸೇರಿದೆ. ಅದರ ಮೈಟೊಕಾಂಡ್ರಿಯ ಪಠ್ಯವನ್ನು ಚೀನಾದ ಸಂಶೋಧಕರು 2023ರಲ್ಲಿ ಪೂರ್ತಿಯಾಗಿ ಪ್ರಕಟಿಸಿದರು. ಒಟ್ಟು 4,47,368 ಅಕ್ಷರ. ಅವು ಒಂದೇ ವೃತ್ತದಲ್ಲಿಲ್ಲ, ಬೇರೆ ಬೇರೆ 26 ಪುಟ್ಟ ವೃತ್ತಗಳಲ್ಲಿ ಹಂಚಿಕೊಂಡಿವೆ. ತೀರ ಚಿಕ್ಕ ವೃತ್ತದಲ್ಲಿ ಆರು ಸಾವಿರದಷ್ಟು ಅಕ್ಷರ, ದೊಡ್ಡದರಲ್ಲಿ ಮೂವತ್ತೆರಡು ಸಾವಿರ ಚಿಲ್ಲರೆ. ಕೋಶ ಒಡೆದು ಎರಡಾಗುವಾಗ ಇಷ್ಟೂ ವೃತ್ತಗಳು ತಪ್ಪಿಹೋಗದೆ ಮುಂದಿನ ಪೀಳಿಗೆಗೆ ದಾಟುತ್ತವೆ ಎಂಬುದು ನೆನೆದಷ್ಟೂ ಬೆರಗು ಹುಟ್ಟಿಸುತ್ತದೆ. ಇದೇ ಕುಲಕ್ಕೆ ಸೇರಿದ ಪ್ಯಾಫಿಯೊಪೆಡಿಲಮ್ ಡ್ರೂರಿಯೈ ನಮ್ಮ ದಕ್ಷಿಣದ ಅಗಸ್ತ್ಯಮಲೆಯದು. ಹಳದಿ ಎಸಳಿನ ನಡುವೆ ಕಂದು ಗೆರೆ ಎಳೆದ ಆ ಹೂವಿನ ಸ್ಥಿತಿ ಇನ್ನೂ ಗಂಭೀರ.

ಗ್ಯಾಸ್ಟ್ರೋಡಿಯ ಇಲಾಟ ಎಂಬ ಆರ್ಕಿಡ್‌ನ ಕಥೆ ಬೇರೆಯೇ. ಅದಕ್ಕೆ ಹಸಿರು ಎಲೆಯಿಲ್ಲ. ಬಿಸಿಲಿನ ಹಂಗು ತೊರೆದು, ನೆಲದೊಳಗಿನ ಶಿಲೀಂಧ್ರದಿಂದ ಊಟ ಪಡೆದು ಬದುಕುತ್ತದೆ. ಅದರ ಹರಿತ್ಕಣದ ಪಠ್ಯ ಸವೆದು ಮೂವತ್ತೈದು ಸಾವಿರ ಅಕ್ಷರಕ್ಕೆ ಇಳಿದಿದೆ. ಸಾಮಾನ್ಯ ಗಿಡಗಳಲ್ಲಿ ಅದು ಒಂದೂವರೆ ಲಕ್ಷದಷ್ಟು. ಮೈಟೊಕಾಂಡ್ರಿಯದ್ದು ಮಾತ್ರ ಹಿಗ್ಗಿ ಹದಿಮೂರು ಲಕ್ಷ ದಾಟಿದೆ ಎಂದು 2018ರ ಅಧ್ಯಯನ ತೋರಿಸಿತು.

ಶಿಲೀಂಧ್ರದ ನಂಟು ಗ್ಯಾಸ್ಟ್ರೋಡಿಯಕ್ಕೆ ಮಾತ್ರ ಸೀಮಿತವಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಕಡಲೆಯಲ್ಲೋ ಭತ್ತದಲ್ಲೋ ಮೊಳಕೆಗೆಂದು ಕೂಡಿಟ್ಟ ಬುತ್ತಿ ಇರುವಂತೆ ಅದರಲ್ಲಿ ಇರುವುದಿಲ್ಲ. ಬಿದ್ದಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ ಉಣಿಸಿದರಷ್ಟೇ ಮೊಳೆಯುತ್ತದೆ. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೊಯೆಲ್ ಬರ್ನಾರ್. ಸುಮಾರು ನೂರಿಪ್ಪತ್ತು ವರ್ಷದ ಬಳಿಕ, 2020ರಲ್ಲಿ, ಅಮೆರಿಕದ ಬ್ರ್ಯಾಂಡನ್ ಸಿನ್ ಮತ್ತು ಕ್ರೇಗ್ ಬ್ಯಾರೆಟ್ ಪ್ರಕಟಿಸಿದ ಅಧ್ಯಯನ ಆ ನಂಟಿನ ಗುರುತನ್ನು ಮೈಟೊಕಾಂಡ್ರಿಯದೊಳಗೇ ತೋರಿಸಿತು. ಶಿಲೀಂಧ್ರದ ಮೈಟೊಕಾಂಡ್ರಿಯದ ಡಿಎನ್‌ಎ ತುಣುಕು ಎಂದೋ ಆರ್ಕಿಡ್‌ಗಳ ಪೂರ್ವಜರೊಳಗೆ ದಾಟಿ ಅಲ್ಲೇ ಉಳಿದುಕೊಂಡಿದೆ. ಬೀಜಕ್ಕೆ ಮೊದಲ ತುತ್ತು ಕೊಟ್ಟ ದಾದಿಯ ಕೈಬರಹ, ಮಗುವಿನ ವಂಶಪತ್ರಿಕೆಯಲ್ಲೇ ಸಿಕ್ಕಂತೆ. ಈ ಕಸುಬಿನ ಎಲ್ಲ ತಾಪತ್ರಯಗಳೂ ಇದೊಂದಕ್ಕಾಗಿಯಾದರೂ ಸಾರ್ಥಕ ಎನ್ನಿಸುತ್ತದೆ.

ಮರದ ಮೇಲೆ ಬೆಳೆಯುವುದನ್ನೆಲ್ಲ ಬಂದಳಿಕೆ ಎಂದುಬಿಡುವ ರೂಢಿ ನಮ್ಮಲ್ಲಿದೆ. ಸೀತಾಳೆದಂಡೆ ಮರದ ರಸ ಹೀರುವುದಿಲ್ಲ, ನಿಲ್ಲಲು ಕೊಂಬೆ ಬೇಡುತ್ತದೆ, ಅಷ್ಟೆ. ನಿಜವಾದ ಬಂದಳಿಕೆಯಾದ ವಿಸ್ಕಮ್‌ನ ಒಂದು ಜಾತಿಯನ್ನು 2015ರಲ್ಲಿ ಓದಿದಾಗ ಅದರ ಮೈಟೊಕಾಂಡ್ರಿಯ ಪಠ್ಯ ಅರವತ್ತಾರು ಸಾವಿರ ಅಕ್ಷರಕ್ಕೆ ಕುಗ್ಗಿತ್ತು; ಉಸಿರಾಟಕ್ಕೆ ಬೇಕಾದ ಮುಖ್ಯ ಜೀನ್‌ಗಳ ಒಂದು ಗುಂಪೇ ಮಾಯವಾಗಿತ್ತು.

ಇದೆಲ್ಲ ಕಾಡುಹೂವಿನ ಮಾತು, ನಮಗೇಕೆ ಎನ್ನುವವರು ರೊಟ್ಟಿಯನ್ನು ನೆನೆಯಬೇಕು. 1964ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಹೈಬ್ರಿಡ್ ಜೋಳ ಸಿಎಸ್‌ಎಚ್-1, ಗಂಡುಪರಾಗ ಕೊಡದ ತಾಯಿ ತಳಿಯಿಂದ ಹುಟ್ಟಿದ್ದು. ಪರಾಗ ತಡೆಯುವ ಆ ಗುಣ ಬರುವುದು ಮೈಟೊಕಾಂಡ್ರಿಯದಿಂದ. ಒಂದೇ ತಾಯಿಸಾಲನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ರೈತರು ಕಂಡರು. ಟೆಕ್ಸಸ್ ಮೂಲದ ಒಂದೇ ಬಗೆಯ ಮೈಟೊಕಾಂಡ್ರಿಯ ಹೊತ್ತ ಹೊಲಗಳಿಗೆ ಎಲೆ ಅಂಗಮಾರಿ ರೋಗ ತಗುಲಿ, ದೇಶದ ಬೆಳೆಯಲ್ಲಿ ಸುಮಾರು ಶೇ 15ರಷ್ಟು ನಾಶವಾಯಿತು.

ತಾಯಿಸಾಲಿನ ಈ ಲೆಕ್ಕ ಆರ್ಕಿಡ್ ರಕ್ಷಣೆಗೂ ಬೇಕಾಗುತ್ತದೆ. ಮೈಟೊಕಾಂಡ್ರಿಯ ಸಾಮಾನ್ಯವಾಗಿ ತಾಯಿ ಗಿಡದಿಂದ ಬೀಜದ ಮೂಲಕವೇ ಹೋಗುತ್ತದೆ. ಬೀಜ ಗಾಳಿಯಲ್ಲಿ ತೇಲುತ್ತದೆ, ಪರಾಗವನ್ನು ದುಂಬಿ ಒಯ್ಯುತ್ತದೆ. ಕೋಶಕೇಂದ್ರದ ಪಠ್ಯವನ್ನೂ ಮೈಟೊಕಾಂಡ್ರಿಯದ್ದನ್ನೂ ಪಕ್ಕಪಕ್ಕ ಇಟ್ಟರೆ ಒಂದು ಬೆಟ್ಟದ ಗಿಡಗಳಿಗೂ ಇನ್ನೊಂದು ಬೆಟ್ಟದವಕ್ಕೂ ಬೀಜದ ಸಂಬಂಧವೋ ಪರಾಗದ ಸಂಬಂಧವೋ ಎಂದು ಬಿಡಿಸಿ ನೋಡಬಹುದು. ನರ್ಸರಿಯಲ್ಲಿ ಬೆಳೆಸಿ ಕಾಡಿಗೆ ಮರಳಿಸುವಾಗ ಎಲ್ಲವೂ ಒಂದೇ ತಾಯಿಯ ಮಕ್ಕಳಾಗದಂತೆ ಎಚ್ಚರ ವಹಿಸಬಹುದು. ಜಾತಿ ಗುರುತಿಸಲು ಮಾತ್ರ ಈ ಪಠ್ಯ ಅಷ್ಟಾಗಿ ಒದಗುವುದಿಲ್ಲ. ಗಿಡಗಳ ಮೈಟೊಕಾಂಡ್ರಿಯದಲ್ಲಿ ಜೋಡಣೆ ಬೇಗ ಬದಲಾದರೂ ಅಕ್ಷರಗಳು ಬಲು ನಿಧಾನವಾಗಿ ಬದಲಾಗುತ್ತವೆ. ಆ ಕೆಲಸಕ್ಕೆ ಹರಿತ್ಕಣದ ಮ್ಯಾಟ್‌-ಕೆ, ಆರ್‌ಬಿಸಿ-ಎಲ್ ಎಂಬ ಜೀನ್‌ಗಳೇ ಮೇಲು.

ಮಲೆನಾಡಿನಲ್ಲಿ ಮಳೆಗಾಲದ ಗಾಳಿಗೆ ಕೊಂಬೆ ಮುರಿದಾಗ ಅದರ ಮೇಲಿನ ಆರ್ಕಿಡ್‌ಗಳೂ ನೆಲಕ್ಕೆ ಬರುತ್ತವೆ. ನಿಂತ ಗಿಡಕ್ಕೆ ಕೈಹಚ್ಚದೆ ಎಲೆ ಪಡೆಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಶಿಲೀಂಧ್ರ ಇರುವುದು ಬೇರಿನಲ್ಲಾದ್ದರಿಂದ ಬೇರಿನ ಒಂದು ತುದಿಯನ್ನೂ ಜೊತೆಗೆ ತೆಗೆದುಕೊಳ್ಳಬೇಕು. ಉಳಿದ ಗಿಡವನ್ನು ಪಕ್ಕದ ಮರಕ್ಕೆ ನಾರಿನಿಂದ ಕಟ್ಟಿ, ಆರ್ಕಿಡ್‌ನ ಒಂದು ಟೊಂಗೆಯನ್ನು ಮಾತ್ರ ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂಗೆ ಕೊಡುತ್ತಾರೆ. ಮುಂದೆ ಲಕ್ಷಗಟ್ಟಲೆ ಅಕ್ಷರಗಳು ಸಾರ್ವಜನಿಕ ಜೀನ್ ಭಂಡಾರ ಸೇರಿದಾಗ, ಅವು ಯಾವ ಗಿಡದವು ಎಂಬುದಕ್ಕೆ ಸಾಕ್ಷಿ ಆ ಹಾಳೆಯೇ. ಅದರ ಚೀಟಿಯ ಮೇಲೆ ಊರು, ದಿನಾಂಕ, ಎತ್ತರ ಬರೆದ ಬಳಿಕ ಒಂದು ಸಾಲು ಉಳಿಯುತ್ತದೆ, ಅನುಭವಿ ಸಂಗ್ರಾಹಕರು ಅದನ್ನು ಖಾಲಿ ಬಿಡುವುದಿಲ್ಲ: ಮತ್ತಿ, ನಂದಿ, ಹಲಸು, ಯಾವ ಮರದ ಮೇಲಿತ್ತೋ ಆ ಮರದ ಹೆಸರು.