ಒರೆಗಲ್ಲನ್ನು ಒರೆಗೆ ಹಚ್ಚುವವರಾರು?

ಶತಮಾನದ ಹಿಂದೆ ಸಿಗರೇಟು ಪೊಟ್ಟಣದೊಳಗೆ ಪುಕ್ಕಟೆಯಾಗಿ ಬರುತ್ತಿದ್ದ ರಟ್ಟಿನ ತುಂಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಮೇಲಿದ್ದುದು ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಚಿತ್ರ. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರತಂದ ‘ಟಿ206’ ಮಾಲೆಯ ಈ ಕಾರ್ಡು ಬೇಗನೆ ನಿಂತುಹೋಯಿತು. ವ್ಯಾಗ್ನರ್ ಸಮ್ಮತಿಸದಿದ್ದುದೇ ಅದಕ್ಕೆ ಕಾರಣವೆನ್ನುತ್ತಾರೆ. ಅದು ಮಕ್ಕಳು ತಂಬಾಕಿಗೆ ಮರುಳಾಗದಿರಲೆಂಬ ಕಾಳಜಿಯೋ, ಹಣ ದೊರೆಯದ ಮುನಿಸೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಇಂದು ಉಳಿದಿರುವುದು ಐವತ್ತು ಅರವತ್ತು ಪ್ರತಿಗಳಷ್ಟೆ.

ಇಂಥ ಬೆಲೆಯಿದ್ದಲ್ಲಿ ನಕಲು ಹುಟ್ಟುವುದು ಸಹಜ. ಅದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅಸಲಿ ಕಾರ್ಡಿನಲ್ಲಿ ಆಟಗಾರನ ಹೆಸರಿನ ಅಕ್ಷರಗಳು ಗಟ್ಟಿ ಶಾಯಿಯಲ್ಲಿರುತ್ತವೆ. ಮರುಮುದ್ರಣವಾದರೆ ಭೂತಗನ್ನಡಿಯಡಿ ಚುಕ್ಕೆಗಳ ಸಾಲು ಕಾಣುತ್ತದೆ. ಎರಡನೇ ಮಹಾಯುದ್ಧದ ನಂತರದ ಕಾಗದಗಳಲ್ಲಿ ಹೊಳಪುಕಾರಕ ರಾಸಾಯನಿಕವಿರುವುದರಿಂದ ಅವು ನೇರಳಾತೀತ ಬೆಳಕಿನಲ್ಲಿ ಮಿನುಗುತ್ತವೆ. ವ್ಯಾಗ್ನರ್ ಕಾರ್ಡಿನ ಹಿಂಬದಿಯಲ್ಲಿ ‘ಪೀಡ್ಮಾಂಟ್’ ಅಥವಾ ‘ಸ್ವೀಟ್ ಕ್ಯಾಪೊರಲ್’ ಜಾಹೀರಾತಿಲ್ಲದೆ ಬೇರೆಯದಿದ್ದರೆ ಸಂಶಯ ಪಡಲೇಬೇಕು.

ನಿಜವಾದ ತೊಡಕಿರುವುದು ಅಸಲಿ ಕಾರ್ಡನ್ನೇ ತಿದ್ದಿದಾಗ. ಸವೆದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಹಳೆಯದು ಹೊಸದರಂತೆ ಕಾಣುತ್ತದೆ. ಹೀಗೆ ಕತ್ತರಿಸಿದ ಕಾರ್ಡಿಗೆ ಅಂಕ ಕೊಡಬಾರದೆಂಬುದು ಈ ವ್ಯವಹಾರದ ನಿಯಮ. ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ ತಮ್ಮ ಪಾಲುದಾರರೊಡನೆ 1991ರಲ್ಲಿ 4.51 ಲಕ್ಷ ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡಿಗೆ, ಆಗಷ್ಟೇ ಆರಂಭವಾಗಿದ್ದ ‘ಪಿಎಸ್‌ಎ’ ಸಂಸ್ಥೆ ತನ್ನ ಮೊದಲ ಪ್ರಮಾಣಪತ್ರವನ್ನಿತ್ತು, ಹತ್ತಕ್ಕೆ ಎಂಟು ಅಂಕ ನೀಡಿತು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರಿಗೇರಿತು. ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ, ಅಂಚು ಕತ್ತರಿಸಿದ್ದು ತಾನೇ ಎಂದು 2013ರಲ್ಲಿ ಒಪ್ಪಿಕೊಂಡರು. ಹರಾಜು ವಂಚನೆಯ ಆ ಪ್ರಕರಣದಲ್ಲಿ 2015ರಲ್ಲಿ ಅವರಿಗೆ 20 ತಿಂಗಳ ಸೆರೆವಾಸವಾಯಿತು.

ಇಲ್ಲಿ ಸೋತದ್ದು ಪರೀಕ್ಷೆಯ ವಿದ್ಯೆಗಿಂತ ಹೆಚ್ಚಾಗಿ ಪರೀಕ್ಷೆಯ ವ್ಯವಸ್ಥೆ. ಕಾರ್ಡಿನ ಬೆಲೆ ಏರಿದಷ್ಟೂ ಪರೀಕ್ಷಕರ ಶುಲ್ಕ ಏರುತ್ತದೆ. ಅದನ್ನು ತೆರುವವನು ಕಾರ್ಡಿನ ಒಡೆಯ. ಪಿಎಸ್‌ಎಯ ಮಾತೃಸಂಸ್ಥೆಯು 2024ರಲ್ಲಿ ಪ್ರತಿಸ್ಪರ್ಧಿ ‘ಎಸ್‌ಜಿಸಿ’ಯನ್ನೂ ಕೊಂಡಿರುವುದರಿಂದ, ಎರಡನೆಯ ಅಭಿಪ್ರಾಯ ಬಯಸುವವರ ಆಯ್ಕೆಯೂ ಕುಗ್ಗಿದೆ. ಪರೀಕ್ಷೆಯಾದ ಕಾರ್ಡು ಪ್ಲಾಸ್ಟಿಕ್ ಕವಚದೊಳಗೆ ಭದ್ರವಾದ ಮೇಲೆ ಕೊಳ್ಳುವವನು ಅಂಚನ್ನು ಮುಟ್ಟಿ ನೋಡುವಂತೆಯೂ ಇಲ್ಲ. ಹೀಗಿರುವಾಗ ಬೇಲಿಯೇ ಹೊಲ ಮೇಯದಂತೆ ತಡೆಯುವುದು ಹೇಗೆ? ಪ್ರತಿ ಕಾರ್ಡಿನ ಅಳತೆ, ಅಂಚಿನ ಚಿತ್ರ ಮತ್ತು ಅಂಕ ಕೊಟ್ಟ ಕಾರಣಗಳನ್ನು ಬಹಿರಂಗಪಡಿಸುವುದು ಕಡ್ಡಾಯವಾಗಬೇಕು. ಬರಿಯ ಅಂಕ ನಂಬಿಕೆಯನ್ನು ಬೇಡುತ್ತದೆ. ಕಾರಣಗಳಿದ್ದರೆ ಮಾತ್ರ ಅದನ್ನು ಪರೀಕ್ಷಿಸಲು ಸಾಧ್ಯ.