ಸಂಶಯವೇ ಇಂಧನವಾದಾಗ: ಅಣುಯುಗದ ಮೊದಲ ಹದಿನೆಂಟು ವರ್ಷ

ಇತಿಹಾಸದ ಪಾಠದಲ್ಲಿ ‘ಶೀತಲ ಸಮರ’ ಎಂಬ ಮಾತು ಬಂದಾಗ ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದು: ಯುದ್ಧವೇ ನಡೆಯದಿದ್ದರೆ ಅದನ್ನು ಸಮರ ಅಂತ ಯಾಕೆ ಕರೀತಾರೆ? ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಯುದ್ಧ ಘೋಷಿಸಲೇ ಇಲ್ಲ. ಆದರೂ 1945ರಿಂದ 1963ರ ನಡುವೆ ಈ ಎರಡು ದೇಶಗಳು ಸಾವಿರಾರು ಅಣುಬಾಂಬುಗಳನ್ನು ತಯಾರಿಸಿದವು, ನೂರಾರು ಬಾಂಬುಗಳನ್ನು ಪರೀಕ್ಷೆಗೆಂದು ಸಿಡಿಸಿದವು. ಒಂದು ದ್ವೀಪವಂತೂ ನಕಾಶೆಯಿಂದಲೇ ಅಳಿಸಿಹೋಯಿತು.

ಇದೆಲ್ಲ ಯಾಕಾಯ್ತು ಅಂತ ಕೇಳಿದರೆ, ಒಂದು ಬಂಡವಾಳಶಾಹಿ ದೇಶ, ಇನ್ನೊಂದು ಕಮ್ಯುನಿಸ್ಟ್ ದೇಶ, ಹಾಗಾಗಿ ಜಗಳ ಅಂತ ಉತ್ತರ ಬರುತ್ತೆ. ಅದು ಸುಳ್ಳಲ್ಲ. ಆದರೆ ಸಿದ್ಧಾಂತದ ಜಗಳ ಅಣುಬಾಂಬಿಗಿಂತ ಹಳೆಯದು. ಜಗಳವನ್ನು ಪೈಪೋಟಿಯಾಗಿ ಬೆಳೆಸಿದ್ದು ಇನ್ನೊಂದು ಸಂಗತಿ. ಎದುರಿನವನ ಹತ್ತಿರ ಏನಿದೆ, ಎಷ್ಟಿದೆ ಅನ್ನೋದು ಗೊತ್ತಿಲ್ಲದಾಗ ಮನುಷ್ಯ ಊಹೆ ಮಾಡ್ತಾನೆ. ಭಯದಲ್ಲಿರುವವನ ಊಹೆ ಯಾವಾಗಲೂ ವಾಸ್ತವಕ್ಕಿಂತ ದೊಡ್ಡದಾಗಿರುತ್ತೆ. ಆ ಹದಿನೆಂಟು ವರ್ಷಗಳನ್ನು ಈ ದೃಷ್ಟಿಯಿಂದ ನೋಡಿದರೆ ಹಲವು ಘಟನೆಗಳು ಅರ್ಥವಾಗುತ್ತವೆ.

ಮಿತ್ರರ ನಡುವಿನ ಗುಟ್ಟು

1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆಯಿತು. ಮರುದಿನವೇ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟದ ನಾಯಕರ ಸಮ್ಮೇಳನ ಶುರುವಾಯಿತು. ಹಿಟ್ಲರನನ್ನು ಒಟ್ಟಾಗಿ ಸೋಲಿಸಿದ ಮಿತ್ರರು ಅವರು. ಜುಲೈ 24ರಂದು ಸಭೆ ಮುಗಿದ ಮೇಲೆ ಅಮೆರಿಕದ ಅಧ್ಯಕ್ಷ ಟ್ರೂಮನ್, ಸ್ಟಾಲಿನ್ ಹತ್ತಿರ ಹೋಗಿ, ತಮ್ಮ ಬಳಿ ಅಸಾಧಾರಣ ನಾಶಶಕ್ತಿಯ ಹೊಸ ಆಯುಧವೊಂದಿದೆ ಅಂತಷ್ಟೇ ಹೇಳಿದರು. ಅದು ಅಣುಬಾಂಬು ಅಂತ ಹೇಳಲಿಲ್ಲ. ಸ್ಟಾಲಿನ್ ಹೆಚ್ಚು ಕುತೂಹಲವನ್ನೂ ತೋರಿಸಲಿಲ್ಲ. ಅವರಿಗೆ ಮಾತಿನ ಮಹತ್ವ ಗೊತ್ತಾಗಿಲ್ಲ ಅಂತ ಈ ಕಡೆಯವರು ಅಂದುಕೊಂಡರು.

ನಿಜ ಏನೆಂದರೆ, ಅಮೆರಿಕದ ಅಣು ಯೋಜನೆಯೊಳಗೇ ಕೆಲಸ ಮಾಡುತ್ತಿದ್ದ ಕ್ಲಾಸ್ ಫುಕ್ಸ್ ಎಂಬ ವಿಜ್ಞಾನಿ ಸೋವಿಯತ್ ಗೂಢಚಾರರಿಗೆ ಮಾಹಿತಿ ಕೊಡುತ್ತಿದ್ದ. ಸ್ಟಾಲಿನ್‌ಗೆ ವಿಷಯ ಮೊದಲೇ ಗೊತ್ತಿತ್ತು. ಒಬ್ಬರು ಮಿತ್ರನಿಂದ ಗುಟ್ಟು ಮುಚ್ಚಿಟ್ಟರು, ಇನ್ನೊಬ್ಬರು ಮಿತ್ರನ ಮನೆಯಲ್ಲಿ ಬೇಹುಗಾರಿಕೆ ಮಾಡಿಸಿದರು. ಇಬ್ಬರಿಗೂ ಮುಂದೆ ಸಂಶಯಪಡಲು ಒಂದೊಂದು ಕಾರಣ ಸಿಕ್ಕಿತು.

ಸುಮಾರು ಎರಡು ವಾರದಲ್ಲಿ, ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಾಸಾಕಿ ಸುಟ್ಟುಹೋದವು. ಆ ವರ್ಷದ ಕೊನೆಯ ಹೊತ್ತಿಗೆ ಎರಡೂ ನಗರಗಳಲ್ಲಿ ಸತ್ತವರು ಸುಮಾರು ಎರಡು ಲಕ್ಷ ಅಂತ ಅಂದಾಜು. ಆಗಸ್ಟ್ 20ರಂದು ಸ್ಟಾಲಿನ್ ಅಣುಬಾಂಬು ತಯಾರಿಕೆಗೆ ವಿಶೇಷ ಸಮಿತಿ ರಚಿಸಿ, ತಮ್ಮ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ ಬೆರಿಯಾ ಕೈಗೆ ಕೊಟ್ಟರು. ವಿಜ್ಞಾನದ ಹೊಣೆ ಇಗೊರ್ ಕುರ್ಚಾಟೊವ್ ಅವರದಾಗಿತ್ತು. ಆ ಅಕ್ಟೋಬರ್‌ನಲ್ಲೇ ಜಾರ್ಜ್ ಆರ್ವೆಲ್ ಅಣುಬಾಂಬಿನ ಬಗ್ಗೆ ಬರೆದ ಲೇಖನದಲ್ಲಿ ‘ಶೀತಲ ಸಮರ’ ಎಂಬ ಮಾತನ್ನು ಬಳಸಿದರು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಅವರು.

ನೀನು ಮೊದಲು, ನೀನು ಮೊದಲು

ಈ ಪೈಪೋಟಿಯನ್ನು ತಡೆಯಲು ಯಾರೂ ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದರು. ವಿಶ್ವಸಂಸ್ಥೆಯ ಮಹಾಸಭೆ 1946ರ ಜನವರಿಯಲ್ಲಿ ಅಂಗೀಕರಿಸಿದ ಮೊದಲ ನಿರ್ಣಯವೇ ಅಣುಶಕ್ತಿ ಆಯೋಗದ ಸ್ಥಾಪನೆಗೆ ಸಂಬಂಧಿಸಿದ್ದು. ಜೂನ್ 14ರಂದು ಅಮೆರಿಕದ ಪರವಾಗಿ ಬರ್ನಾರ್ಡ್ ಬರೂಕ್ ಒಂದು ಯೋಜನೆ ಮುಂದಿಟ್ಟರು. ಎಲ್ಲ ದೇಶಗಳ ಅಣುಶಕ್ತಿಯನ್ನೂ ಒಂದು ಅಂತರರಾಷ್ಟ್ರೀಯ ಸಂಸ್ಥೆ ನೋಡಿಕೊಳ್ಳಲಿ, ತಪಾಸಣೆ ನಡೆಯಲಿ, ತಪ್ಪಿದವರಿಗೆ ಶಿಕ್ಷೆ ಕೊಡುವಾಗ ವೀಟೋ ಬೇಡ, ವ್ಯವಸ್ಥೆ ಗಟ್ಟಿಯಾದ ಮೇಲೆ ನಾವೂ ಬಾಂಬು ಬಿಟ್ಟುಕೊಡುತ್ತೇವೆ ಅಂದರು. ಐದು ದಿನದ ನಂತರ ಸೋವಿಯತ್ ಪ್ರತಿನಿಧಿ ಗ್ರೊಮಿಕೊ ತಿರುವುಮುರುವು ಮಾಡಿದರು: ಮೊದಲು ಬಾಂಬು ನಿಷೇಧವಾಗಲಿ, ಇರುವುದು ನಾಶವಾಗಲಿ, ತಪಾಸಣೆ ಆಮೇಲೆ.

ಎರಡೂ ಕೇಳೋಕೆ ನ್ಯಾಯವಾಗಿಯೇ ಇವೆ. ಆದರೆ ಎರಡರಲ್ಲೂ ಮೊದಲ ಹೆಜ್ಜೆ ಎದುರಿನವನೇ ಇಡಬೇಕು. ಮಾತುಕತೆ ನಡೆಯುತ್ತಿದ್ದಾಗಲೇ ಅಮೆರಿಕ ಜುಲೈನಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಲ್ಲಿ ಎರಡು ಬಾಂಬು ಸಿಡಿಸಿತು. ಅಲ್ಲಿದ್ದ 167 ಜನರನ್ನು ಅದಕ್ಕೂ ಮೊದಲೇ ಬೇರೆ ದ್ವೀಪಕ್ಕೆ ಸಾಗಿಸಲಾಗಿತ್ತು. ಸ್ವಲ್ಪ ಕಾಲ ಮಾತ್ರ ಅಂತ ನಂಬಿ ಅವರು ಊರು ಬಿಟ್ಟಿದ್ದರು. ಅತ್ತ ಸೋವಿಯತ್ ಒಕ್ಕೂಟದಲ್ಲಿ ಕುರ್ಚಾಟೊವ್ ತಂಡ ಹಗಲುರಾತ್ರಿ ದುಡಿಯುತ್ತಿತ್ತು. ಮಾತುಕತೆ ಮುರಿದುಬಿತ್ತು.

1948ರ ಜೂನ್‌ನಲ್ಲಿ ಸ್ಟಾಲಿನ್ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿದರು. ಜರ್ಮನಿಯ ಪಶ್ಚಿಮ ಭಾಗದಲ್ಲಿ ಹೊಸ ನಾಣ್ಯ ತಂದದ್ದು ಅವರ ಕಣ್ಣಿಗೆ ಶತ್ರು ದೇಶ ಕಟ್ಟುವ ಸಂಚಿನಂತೆ ಕಂಡಿತ್ತು. ಪಶ್ಚಿಮದವರಿಗೆ ಇದು ಸುಮಾರು ಇಪ್ಪತ್ತು ಲಕ್ಷ ಜನರನ್ನು ಹಸಿವಿನಿಂದ ಬಗ್ಗಿಸುವ ಮುತ್ತಿಗೆಯಾಗಿತ್ತು. ಹನ್ನೊಂದು ತಿಂಗಳು ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಬಂದವು. ಅದೇ ಸಮಯಕ್ಕೆ ಅಮೆರಿಕ ಬ್ರಿಟನ್‌ಗೆ ಬಿ-29 ವಿಮಾನಗಳನ್ನು ಕಳಿಸಿತು. ಹಿರೋಷಿಮಾ ಮೇಲೆ ಬಾಂಬು ಹಾಕಿದ್ದು ಇದೇ ಜಾತಿಯ ವಿಮಾನ. ಆದರೆ ಬ್ರಿಟನ್‌ಗೆ ಬಂದವು ಅಣುಬಾಂಬು ಹೊರುವಂತೆ ಮಾರ್ಪಡಿಸಿದ ವಿಮಾನಗಳಾಗಿರಲಿಲ್ಲ. ಮಾಸ್ಕೊ ಅದನ್ನು ನಂಬಿಕೊಂಡು ಸುಮ್ಮನೆ ಕೂರುವಂತಿರಲಿಲ್ಲ.

ಧೂಳು ತಂದ ಸುದ್ದಿ

1949ರ ಆಗಸ್ಟ್ 29ರ ಬೆಳಿಗ್ಗೆ ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್ ಹುಲ್ಲುಗಾವಲಿನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬು ಸಿಡಿಸಿತು. ಯಾರಿಗೂ ಹೇಳಲಿಲ್ಲ. ಕೆಲವು ದಿನಗಳ ನಂತರ ಜಪಾನ್‌ನಿಂದ ಅಲಾಸ್ಕಾ ಕಡೆ ಹಾರುತ್ತಿದ್ದ ಅಮೆರಿಕದ ಹವಾಮಾನ ವಿಮಾನವೊಂದು ಗಾಳಿಯ ಧೂಳಿನಲ್ಲಿ ವಿಕಿರಣ ಪತ್ತೆ ಮಾಡಿತು. ಸೆಪ್ಟೆಂಬರ್ 23ರಂದು ಟ್ರೂಮನ್ ಈ ಸುದ್ದಿಯನ್ನು ಜಗತ್ತಿಗೆ ತಿಳಿಸಿದರು. ಸೋವಿಯತ್ ಬಾಂಬು 1953ರ ಹೊತ್ತಿಗೆ ಬರಬಹುದು ಅನ್ನೋದು ಅಮೆರಿಕದ ಗೂಢಚಾರ ಸಂಸ್ಥೆಯ ಲೆಕ್ಕವಾಗಿತ್ತು. ಲೆಕ್ಕ ನಾಲ್ಕು ವರ್ಷ ತಪ್ಪಿತ್ತು.

ಒಮ್ಮೆ ಕಡಿಮೆ ಊಹಿಸಿ ಬೆಚ್ಚಿಬಿದ್ದವರು ಆಮೇಲೆ ಎಲ್ಲವನ್ನೂ ಹೆಚ್ಚು ಮಾಡಿಯೇ ಊಹಿಸತೊಡಗಿದರು. ಹೈಡ್ರೋಜನ್ ಬಾಂಬು ಬೇಕೇ ಎಂಬ ಚರ್ಚೆ ಬಂತು. ಅಣುಬಾಂಬಿನ ರೂವಾರಿ ಓಪನ್‌ಹೈಮರ್ ಅಧ್ಯಕ್ಷತೆಯ ಸಲಹಾ ಸಮಿತಿ ಬೇಡ ಅಂತ ಹೇಳಿತು. ಆದರೆ ನಾವು ಮಾಡದೆ ಅವರು ಮಾಡಿಬಿಟ್ಟರೆ ಏನು ಗತಿ? ಈ ಒಂದು ಪ್ರಶ್ನೆಯ ಎದುರು ಸಮಿತಿಯ ವಾದ ನಿಲ್ಲಲಿಲ್ಲ. 1950ರ ಜನವರಿ 31ರಂದು ಟ್ರೂಮನ್ ಒಪ್ಪಿಗೆ ಕೊಟ್ಟರು. 1952ರ ನವೆಂಬರ್ 1ರಂದು ಎನಿವೆಟಾಕ್‌ನಲ್ಲಿ ನಡೆದ ಸ್ಫೋಟ ಹಿರೋಷಿಮಾ ಬಾಂಬಿಗಿಂತ ಸುಮಾರು 700 ಪಟ್ಟು ದೊಡ್ಡದು. ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಇದ್ದ ಕಡೆ ಸಮುದ್ರದ ತಳದಲ್ಲಿ ದೊಡ್ಡ ಗುಂಡಿ ಉಳಿಯಿತು. ಮರುವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟವೂ ತನ್ನ ಹೈಡ್ರೋಜನ್ ಬಾಂಬು ಪರೀಕ್ಷಿಸಿತು.

ಹತ್ತು ವಿಮಾನ ಇಪ್ಪತ್ತೆಂಟಾದ ಕತೆ

ಊಹೆ ಹೇಗೆ ಆಯುಧವಾಗುತ್ತೆ ಅನ್ನೋದಕ್ಕೆ 1955ರ ಜುಲೈ ತಿಂಗಳ ಒಂದು ಪ್ರಸಂಗ ಸಾಕು. ಮಾಸ್ಕೊ ಬಳಿಯ ತುಶಿನೊದಲ್ಲಿ ವೈಮಾನಿಕ ಪ್ರದರ್ಶನ. ಹೊಸ ಮಾದರಿಯ ಹತ್ತು ಬಾಂಬರ್ ವಿಮಾನಗಳು ಅತಿಥಿಗಳ ತಲೆಯ ಮೇಲೆ ಹಾರಿ ಹೋದವು. ಕಣ್ಮರೆಯಾದ ಮೇಲೆ ಸುತ್ತು ಹಾಕಿ, ಇನ್ನೆಂಟನ್ನು ಸೇರಿಸಿಕೊಂಡು ಅವೇ ಮತ್ತೆ ಬಂದವು. ಕೆಳಗೆ ನಿಂತ ವಿದೇಶಿ ಅಧಿಕಾರಿಗಳು ಇಪ್ಪತ್ತೆಂಟು ಅಂತ ಎಣಿಸಿಕೊಂಡರು. ಇಂಥ ಲೆಕ್ಕಗಳನ್ನು ಹಿಡಿದು, ಸೋವಿಯತ್ ಒಕ್ಕೂಟ ಬಾಂಬರ್‌ಗಳಲ್ಲಿ ನಮ್ಮನ್ನು ಹಿಂದೆ ಹಾಕಲಿದೆ ಅಂತ ಅಮೆರಿಕದಲ್ಲಿ ಕೂಗೆದ್ದಿತು. ಹೊಸ ವಿಮಾನಗಳಿಗೆ ಹಣ ಹರಿಯಿತು. 1956ರ ಜುಲೈನಿಂದ ಯು-2 ಬೇಹು ವಿಮಾನಗಳು ಎತ್ತರದಿಂದ ಫೋಟೋ ತೆಗೆದಾಗ ಆ ವಿಮಾನಗಳ ದಂಡು ಎಲ್ಲೂ ಕಾಣಲಿಲ್ಲ. ಕ್ಷಿಪಣಿಗಳ ವಿಷಯದಲ್ಲೂ ಹೀಗೇ ಆಯಿತು. 1960ರ ಅಮೆರಿಕದ ಚುನಾವಣೆಯಲ್ಲಿ ದೊಡ್ಡ ವಿಷಯವಾಗಿದ್ದ ‘ಕ್ಷಿಪಣಿ ಕೊರತೆ’ ನಿಜವಲ್ಲ ಅಂತ ಮರುವರ್ಷ ಉಪಗ್ರಹದ ಚಿತ್ರಗಳು ತೋರಿಸಿದವು.

ಇಬ್ಬರು ನೆರೆಯವರನ್ನು ಊಹಿಸಿಕೊಳ್ಳಿ. ಒಬ್ಬ ಕಳ್ಳರ ಭಯಕ್ಕೆ ಮನೆಯಲ್ಲಿ ದೊಣ್ಣೆ ಇಟ್ಟುಕೊಂಡ. ಪಕ್ಕದವನಿಗೆ ಅದು ತನಗಾಗಿಯೇ ಇಟ್ಟದ್ದು ಅನ್ನಿಸಿತು, ಅವನು ಕತ್ತಿ ತಂದ. ಅದನ್ನು ನೋಡಿದ ಮೊದಲನೆಯವನಿಗೆ ತನ್ನ ಭಯ ಸರಿಯಾಗಿಯೇ ಇತ್ತು ಅಂತ ಖಾತ್ರಿಯಾಯಿತು. 1950ರಲ್ಲಿ ಅಮೆರಿಕದ ಬಳಿ ಸುಮಾರು 300 ಅಣುಬಾಂಬು, ಸೋವಿಯತ್ ಬಳಿ ಬೆರಳೆಣಿಕೆಯಷ್ಟು ಇದ್ದವು. 1960ರ ಹೊತ್ತಿಗೆ ಅಮೆರಿಕದ್ದು 18,000 ದಾಟಿತ್ತು, ಸೋವಿಯತ್‌ನದು ಸುಮಾರು 1,600 ಅಂತ ಅಂದಾಜು. ಹೆಚ್ಚು ಬಾಂಬು ಇದ್ದವರಿಗೆ ಹೆಚ್ಚು ನಿದ್ದೆಯೇನೂ ಬರಲಿಲ್ಲ.

ಜಗಳ ಯಾರದು, ನೋವು ಯಾರದು

ಎರಡು ಕೋಣಗಳು ಕಾದಾಡಿದರೆ ಸಾಯೋದು ನಡುವಿನ ಗಿಡ ಅಂತ ನಮ್ಮಲ್ಲಿ ಗಾದೆಯಿದೆ. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಅಮೆರಿಕ ನಡೆಸಿದ ಪರೀಕ್ಷೆ ವಿಜ್ಞಾನಿಗಳ ಎಣಿಕೆಯ ಎರಡು ಪಟ್ಟಿಗೂ ಮೀರಿತು. ದೂರದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ಅಲ್ಲಿಯ ಜನರನ್ನು ತೆರವುಗೊಳಿಸಿದ್ದು ಎರಡು ದಿನಗಳ ನಂತರ. ಅದೇ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ 23 ಜನರ ಮೇಲೂ ಬಿತ್ತು. ಎಲ್ಲರೂ ಕಾಯಿಲೆ ಬಿದ್ದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಸೆಮಿಪಲಾಟಿನ್ಸ್ಕ್‌ನ ಕತೆ ಇಷ್ಟು ಬೇಗ ಹೊರಬರಲಿಲ್ಲ. ಅಲ್ಲಿ ನಲವತ್ತು ವರ್ಷಗಳಲ್ಲಿ 456 ಪರೀಕ್ಷೆಗಳು ನಡೆದವು. ಸುತ್ತಮುತ್ತ ಕುರಿ, ಕುದುರೆ ಸಾಕಿಕೊಂಡಿದ್ದ ಕಜಾಕ್ ಹಳ್ಳಿಗರು ವಿಕಿರಣ ಬೆರೆತ ಹುಲ್ಲು ತಿಂದ ದನದ ಹಾಲು ಕುಡಿದರು. ಅವರಿಗೆ ಅಪಾಯವನ್ನು ಬಿಡಿಸಿ ಹೇಳಿದವರಿಲ್ಲ. ಮಾರ್ಷಲ್ ದ್ವೀಪದವರಾಗಲಿ, ಕಜಾಕರಾಗಲಿ ಈ ಜಗಳದಲ್ಲಿ ಒಂದು ಪಕ್ಷವಾಗಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಪರೀಕ್ಷೆ ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿದ ಮೊದಲಿಗರಲ್ಲಿ ಭಾರತವೂ ಒಂದು. 1954ರ ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ, ಪೂರ್ಣ ನಿಷೇಧ ಆಗುವವರೆಗೆ ಕನಿಷ್ಠ ಪರೀಕ್ಷೆಗಳನ್ನಾದರೂ ತಡೆಹಿಡಿಯುವ ಒಪ್ಪಂದವಾಗಲಿ ಅಂತ ಕೇಳಿದರು. ಮರುವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾ, ಆಫ್ರಿಕಾದ 29 ದೇಶಗಳೂ ಇದನ್ನೇ ಕೇಳಿದವು. ಭಾರತ, ಪಾಕಿಸ್ತಾನ, ಈಜಿಪ್ಟ್, ಚೀನಾ ಎಲ್ಲರೂ ಅಲ್ಲಿದ್ದರು. ಜುಲೈನಲ್ಲಿ ರಸೆಲ್ ಮತ್ತು ಐನ್‌ಸ್ಟೈನ್ ಹೆಸರಿನ ಪ್ರಣಾಳಿಕೆ ಹೊರಬಂತು. ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಬಗ್ಗೆ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ನಮ್ಮ ಮುಂಬೈನ ಹೋಮಿ ಭಾಭಾ. ಎರಡೂ ಬಣದ ವಿಜ್ಞಾನಿಗಳು ಅಲ್ಲಿಯವರೆಗೆ ಗುಟ್ಟಾಗಿದ್ದ ಎಷ್ಟೋ ಸಂಗತಿಗಳನ್ನು ಒಂದೇ ಸಭಾಂಗಣದಲ್ಲಿ ಹಂಚಿಕೊಂಡರು.

ಈ ಮಾತುಗಳಿಂದ ತಕ್ಷಣ ಏನೂ ನಿಲ್ಲಲಿಲ್ಲ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಜಗತ್ತು ಅಂಚಿಗೆ ಹೋಗಿ ಬಂತು. ಆ ದಿನಗಳಲ್ಲಿ ಕೆನಡಿ ಮತ್ತು ಕ್ರುಶ್ಚೇವ್ ನಡುವಿನ ಸಂದೇಶಗಳು ತಲುಪಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಭಯ ಇಬ್ಬರಿಗೂ ಪಾಠ ಕಲಿಸಿತು. 1963ರ ಜೂನ್‌ನಲ್ಲಿ ವಾಷಿಂಗ್ಟನ್ ಮತ್ತು ಮಾಸ್ಕೊ ನಡುವೆ ನೇರ ಸಂಪರ್ಕಕ್ಕೆ ಒಪ್ಪಂದವಾಯಿತು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ ಅದು, ಅಕ್ಷರ ಕಳಿಸುವ ಟೆಲಿಪ್ರಿಂಟರ್. ಆಗಸ್ಟ್ 5ರಂದು ಗಾಳಿ, ನೀರು, ಬಾಹ್ಯಾಕಾಶದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೊದಲ್ಲಿ ಸಹಿ ಬಿತ್ತು. ಭೂಗರ್ಭದ ಪರೀಕ್ಷೆಗಳು ಮುಂದುವರಿದವು. ಸೆಮಿಪಲಾಟಿನ್ಸ್ಕ್ ಮುಚ್ಚಿದ್ದು 1991ರ ಆಗಸ್ಟ್ 29ರಂದು. ಕವಿ ಒಲ್ಜಾಸ್ ಸುಲೈಮೆನೊವ್ ಮುಂದಾಳತ್ವದಲ್ಲಿ ಕಜಾಕ್ ಜನ ಬೀದಿಗಿಳಿದ ಮೇಲೆ. ಇಂದು ಆ ದಿನವನ್ನೇ ವಿಶ್ವಸಂಸ್ಥೆ ಅಣುಪರೀಕ್ಷೆ ವಿರೋಧಿ ದಿನವಾಗಿ ಆಚರಿಸುತ್ತದೆ.

ಇದು ಬೇರೆಯವರ ಹಳೆಯ ಕತೆ ಅಂತ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. 1998ರ ಮೇ ತಿಂಗಳಿಂದ ನಮ್ಮ ಉಪಖಂಡದಲ್ಲೂ ಬಹಿರಂಗವಾಗಿ ಬಾಂಬು ಹೊಂದಿದ ಎರಡು ದೇಶಗಳಿವೆ. ಅವುಗಳ ನಡುವೆ ವಾಷಿಂಗ್ಟನ್ ಮತ್ತು ಮಾಸ್ಕೊ ನಡುವಿನಷ್ಟು ದೂರವೂ ಇಲ್ಲ. ಆದರೆ 1988ರ ಡಿಸೆಂಬರ್ 31ರಂದು ಭಾರತ ಮತ್ತು ಪಾಕಿಸ್ತಾನ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವುದಿಲ್ಲ ಅನ್ನೋದು ಅದರ ಸಾರ. ಅದರಂತೆ 1992ರಿಂದ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಕಾಳಗದ ನಂತರದ ಜನವರಿಯಲ್ಲೂ ಪಟ್ಟಿ ಕೈ ಬದಲಾಯಿತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುವ ಸುದ್ದಿ ಅದು. ಮುಂದಿನ ಹೊಸ ವರ್ಷದ ದಿನ ಹುಡುಕಿ ಓದಿ, ಮನೆಯ ಮಕ್ಕಳಿಗೂ ತೋರಿಸಿ.