ಅಡುಗೆಮನೆಯ ಗಾಳಿಗೆ ಎರಡು ದಾರಿ

ಹಳೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಹೊರಟಾಗ ನಾವು ಮೊದಲು ಕಟ್ಟೆಯ ಕಲ್ಲನ್ನೂ ಗೋಡೆಯ ಬಣ್ಣವನ್ನೂ ಕುರಿತು ಯೋಚಿಸುತ್ತೇವೆ. ಆದರೆ ದಿನವೂ ಅಲ್ಲಿ ನಿಂತು ಬೇಯಿಸುವವರ ಉಸಿರಿಗೆ ಮುಖ್ಯವಾದುದು ಗಾಳಿಯ ಹಾದಿ.

ಕಾದ ಗಾಳಿ ಹಿಗ್ಗುತ್ತದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು 127 ಡಿಗ್ರಿಗೆ ಕಾಯಿಸಿದೆವೆನ್ನೋಣ. ಕೆಲ್ವಿನ್ ಮಾನದಲ್ಲಿ ಇದು 300ರಿಂದ 400ಕ್ಕೆ ಏರಿದಂತೆ. ಒತ್ತಡವು ಬದಲಾಗದಿದ್ದರೆ ಅದರ ಸಾಂದ್ರತೆ ಮೊದಲಿನ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಸುತ್ತಲಿನ ತಣ್ಣನೆಯ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ, ಹೊಗೆಯೂ ಜೊತೆಗೇರುತ್ತದೆ. ಹಳೆಯ ಮನೆಗಳ ಸೂರಿನಲ್ಲಿದ್ದ ಗವಾಕ್ಷಿಯಿಂದ ಹೊಗೆ ಹೊರಹೋಗುತ್ತಿದ್ದುದು ಹೀಗೆಯೇ.

ಆದರೆ ಹೊರದಾರಿಯೊಂದೇ ಸಾಲದು. ಹೋದಷ್ಟು ಗಾಳಿ ಒಳಬರಲೂಬೇಕು. ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ ಎಕ್ಸಾಸ್ಟ್ ಫ್ಯಾನಿನ ಶ್ರಮ ಬಹುಮಟ್ಟಿಗೆ ವ್ಯರ್ಥ. ಗ್ಯಾಸ್ ಒಲೆಯಲ್ಲಿ ಹೊಗೆ ಕಾಣದಿದ್ದರೂ ನೈಟ್ರೊಜನ್ ಡೈಆಕ್ಸೈಡ್ ಹುಟ್ಟುತ್ತದೆ. ಉರಿಗೆ ಗಾಳಿ ಸಾಲದಿದ್ದರೆ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡೂ ಸೇರುತ್ತದೆ. ಸೋರಿದ ಅಡುಗೆ ಅನಿಲವಾದರೋ ಗಾಳಿಗಿಂತ ಭಾರವಾದುದರಿಂದ ನೆಲದಲ್ಲೇ ಹರಡುತ್ತದೆ. ಆದ್ದರಿಂದ ಕೆಳಗೊಂದು, ಮೇಲೊಂದು ಕಿಂಡಿ ಅವಶ್ಯಕ.

ನಕ್ಷೆ ಬರೆಯುವ ಮೊದಲು, ಅನಿಲದ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು, ಒಲೆಯ ಬಳಿ ಊದುಬತ್ತಿಯೊಂದನ್ನು ಹಚ್ಚಿ ನೋಡೋಣ. ಅದರ ಹೊಗೆ ಮುಖದತ್ತ ಬಂದರೆ, ಒಲೆಯ ಜಾಗವನ್ನೋ ಕಿಂಡಿಯ ಜಾಗವನ್ನೋ ಬದಲಿಸಲು ಇನ್ನೂ ಕಾಲವಿದೆ.